ಬಾಲ್ಯದ ಪೀಡನೆ ಮತ್ತು ತಾರುಣ್ಯ: ಮುಂಬಯಿ ಕನ್ನಡಿಗರ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಮಕ್ಕಳು ಮಕ್ಕಳನ್ನು ಕಾಡುವುದು ಲೋಕದಲ್ಲಿ ಹೊಸತಲ್ಲ. ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗನಿಗೆ ಅಡ್ಡಹೆಸರು ಬೀಳುತ್ತದೆ. ಅವನ ನಡಿಗೆ, ಮೈಬಣ್ಣ, ಉಚ್ಚಾರಣೆ, ಬುತ್ತಿಯ ಡಬ್ಬಿ ಎಲ್ಲವೂ ನಗೆಗೆ ವಸ್ತುಗಳಾಗುತ್ತವೆ. ಅವನು ಮನೆಗೆ ಬಂದು ದೂರಿದರೆ, ‘ಮಕ್ಕಳಾಟ, ದೊಡ್ಡವನಾದ ಮೇಲೆ ಮರೆತುಹೋಗುತ್ತದೆ’ ಎಂಬ ಸಮಾಧಾನದ ಮಾತು ದೊರೆಯುತ್ತದೆ. ಈ ಮಾತಿನಲ್ಲಿ ಎರಡು ನಂಬಿಕೆಗಳು ಅಡಗಿವೆ: ಇದು ಆಟವೆಂಬುದೊಂದು, ಇದು ಮರೆತುಹೋಗುವಂಥದೆಂಬುದು ಇನ್ನೊಂದು. ಕಳೆದ ಅರ್ಧ ಶತಮಾನದ ಮನಶ್ಶಾಸ್ತ್ರೀಯ ಸಂಶೋಧನೆಯು ಈ ಎರಡು ನಂಬಿಕೆಗಳನ್ನೂ ಪರೀಕ್ಷೆಗೆ ಒಡ್ಡಿದೆ. ಆ ಸಂಶೋಧನೆಯ ಮುಖ್ಯ ಫಲಿತಗಳನ್ನು ಸಂಗ್ರಹಿಸಿ, ಪರಭಾಷಾ ನಗರವೊಂದರಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಜೀವನಕ್ಕೆ ಅವು ಹೇಗೆ ಅನ್ವಯಿಸುತ್ತವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಕನ್ನಡದಲ್ಲಿ ಕೀಟಲೆ, ಚೇಷ್ಟೆ, ಕುಚೋದ್ಯ ಎಂಬ ಮಾತುಗಳಿವೆ; ಇವುಗಳಲ್ಲಿ ವಿನೋದದ ಅಂಶವೇ ಹೆಚ್ಚು, ಇಂದು ಕಾಡಿದವನನ್ನು ನಾಳೆ ಕಾಡಲು ಅವಕಾಶವುಂಟು. ‘ಗೋಳುಹೊಯ್ದುಕೊಳ್ಳುವುದು’ ಎಂಬ ಮಾತಿನ ಧ್ವನಿಯೇ ಬೇರೆ. ಒಬ್ಬನ ಗೋಳು ಇನ್ನೊಬ್ಬನ ಸುಖವೆಂಬ ಅರ್ಥ ಅದರಲ್ಲಿ ಹುದುಗಿದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಂತೂ ಈ ಸಂಬಂಧದ ತಿರುಳನ್ನೇ ಹಿಡಿದಿದೆ: ಒಂದೇ ಕ್ರಿಯೆ ಬಲವಿದ್ದವನಿಗೆ ಆಟ, ಬಲವಿಲ್ಲದವನಿಗೆ ಸಂಕಟ.

ಶಾಸ್ತ್ರವು ಬಂದು ಸೇರಿದ್ದೂ ಇಲ್ಲಿಗೇ. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸಮಾಡಿದ ಡಾನ್ ಓಲ್ವೇಯಸ್ ೧೯೭೩ರಲ್ಲಿ ಈ ವಿಷಯದ ಮೇಲೆ ಮೊದಲ ವ್ಯವಸ್ಥಿತ ಗ್ರಂಥವನ್ನು ಪ್ರಕಟಿಸಿದರು. ಪೀಡನೆಯೆನ್ನಿಸಿಕೊಳ್ಳಲು ಮೂರು ಲಕ್ಷಣಗಳಿರಬೇಕೆಂದು ಅವರು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಉಭಯರ ನಡುವಣ ಬಲದ ಅಸಮತೆ. ಬಲವೆಂದರೆ ತೋಳ್ಬಲವೇ ಆಗಬೇಕಾಗಿಲ್ಲ. ಸಂಖ್ಯೆ, ಜಾತಿ, ಹಣ, ತರಗತಿಯ ಬಹುಸಂಖ್ಯಾತರ ಭಾಷೆ ಇವೂ ಬಲಗಳೇ. ಅದರಂತೆಯೇ ಪೀಡನೆಗೆ ಹೊಡೆತವೂ ಅಗತ್ಯವಲ್ಲ. ಗೇಲಿ, ಅಪಪ್ರಚಾರ, ಆಟದಿಂದಲೂ ಪಂಕ್ತಿಯಿಂದಲೂ ಹೊರಗಿಡುವುದು ಇವೆಲ್ಲ ಅದರ ರೂಪಗಳು. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಸಮೀಕ್ಷೆಯ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಪೀಡನೆಗೆ ಒಳಗಾಗಿದ್ದರೆಂದು ಯುನೆಸ್ಕೋ ಸಂಸ್ಥೆಯ ೨೦೧೯ರ ವರದಿ ತಿಳಿಸುತ್ತದೆ.

೨

‘ಮರೆತುಹೋಗುತ್ತದೆ’ ಎಂಬ ಎರಡನೆಯ ನಂಬಿಕೆಯನ್ನು ಪರೀಕ್ಷಿಸುವುದು ಸುಲಭವಲ್ಲ. ಪ್ರೌಢರನ್ನು ಕರೆದು ಬಾಲ್ಯವನ್ನು ಕುರಿತು ಕೇಳಿದರೆ, ಇಂದು ದುಃಖದಲ್ಲಿರುವವನು ಅಂದಿನ ದುಃಖವನ್ನೇ ಹೆಚ್ಚಾಗಿ ನೆನೆದಾನು. ಆದಕಾರಣ ಮಕ್ಕಳಿದ್ದಾಗಲೇ ಮಾಹಿತಿಯನ್ನು ಬರೆದಿಟ್ಟು, ಅದೇ ವ್ಯಕ್ತಿಗಳನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನಗಳಿಗೆ ಮಾತ್ರ ಇಲ್ಲಿ ಬೆಲೆ. ಅಂಥವು ಕೆಲವು ಇವೆ.

ಬ್ರಿಟನ್ನಿನಲ್ಲಿ ೧೯೫೮ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಅಂದಿನಿಂದಲೂ ಅನುಸರಿಸಲಾಗಿದೆ. ಅವರಿಗೆ ೭ ವರ್ಷ ಮತ್ತು ೧೧ ವರ್ಷವಾದಾಗ, ಬೇರೆ ಮಕ್ಕಳು ಅವರನ್ನು ಕಾಡುತ್ತಾರೆಯೇ ಎಂದು ತಂದೆತಾಯಿಗಳನ್ನು ಕೇಳಿ ಬರೆದುಕೊಳ್ಳಲಾಗಿತ್ತು. ತಾಕಿಝಾವಾ, ಮಾಹನ್, ಆರ್ಸೆನೋ ಎಂಬ ಸಂಶೋಧಕರು ೭,೭೭೧ ಮಂದಿಯ ದಾಖಲೆಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ ೨೮ ಮಕ್ಕಳು ಆಗೊಮ್ಮೆ ಈಗೊಮ್ಮೆಯೂ, ಶೇಕಡಾ ೧೫ ಮಕ್ಕಳು ಪದೇ ಪದೇ ಪೀಡನೆಗೆ ಒಳಗಾಗಿದ್ದರು. ಪದೇ ಪದೇ ಒಳಗಾದವರಲ್ಲಿ ೪೫ನೆಯ ವಯಸ್ಸಿನಲ್ಲಿ ಖಿನ್ನತೆ, ಉದ್ವೇಗ, ಆತ್ಮಹತ್ಯೆಯ ಆಲೋಚನೆ ಇವು ಉಳಿದವರಿಗಿಂತ ಹೆಚ್ಚಾಗಿದ್ದುವು. ೫೦ರ ವಯಸ್ಸಿನಲ್ಲಿ ಅವರ ಸ್ನೇಹವಲಯ ಕಿರಿದಾಗಿದ್ದು, ಹಣಕಾಸಿನ ಸ್ಥಿತಿಯೂ ಇಳಿಮುಖವಾಗಿತ್ತು. ಮನೆತನದ ಸ್ಥಿತಿ, ಮಗುವಿನ ಬುದ್ಧಿಮಟ್ಟ, ಮೊದಲೇ ಇದ್ದ ಮನಸ್ಸಿನ ತೊಂದರೆಗಳು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಅಳಿಯಲಿಲ್ಲ.

ತಾರುಣ್ಯವನ್ನೇ ಮುಖ್ಯವಾಗಿ ನೋಡಿದ ಅಧ್ಯಯನ ಅಮೇರಿಕೆಯ ಉತ್ತರ ಕೆರೊಲಿನಾದ ಬೆಟ್ಟಸೀಮೆಯದು. ಅಲ್ಲಿ ೧,೪೨೦ ಮಕ್ಕಳನ್ನು ೯ರಿಂದ ೧೬ ವರ್ಷದವರೆಗೆ ಹಲವು ಬಾರಿ ಸಂದರ್ಶಿಸಿ, ಮತ್ತೆ ಇಪ್ಪತ್ತರ ಹರೆಯದಲ್ಲಿ ಪರೀಕ್ಷಿಸಲಾಯಿತು. ಕೋಪ್‌ಲ್ಯಾಂಡ್ ಮತ್ತು ಸಹೋದ್ಯೋಗಿಗಳು ೨೦೧೩ರಲ್ಲಿ ಪ್ರಕಟಿಸಿದಂತೆ, ಪೀಡನೆಗೆ ಗುರಿಯಾದವರಲ್ಲಿ ಉದ್ವೇಗದ ರೋಗಗಳು, ಹಠಾತ್ತನೆ ಎದೆಯೊಡೆಯುವಂತಾಗುವ ಭೀತಿ, ಜನಸಂದಣಿಯ ಅಂಜಿಕೆ ಇವು ಹೆಚ್ಚು. ತಾವು ಗುರಿಯಾಗಿ ಇತರರನ್ನೂ ಪೀಡಿಸಿದವರ ಅವಸ್ಥೆ ಎಲ್ಲರಿಗಿಂತ ಕಠಿನ. ಕೇವಲ ಪೀಡಕರಾಗಿದ್ದವರಲ್ಲಿ ಸಮಾಜವಿರೋಧಿ ಪ್ರವೃತ್ತಿ ಕಂಡುಬಂದಿತು. ಇದಕ್ಕೆ ಓಲ್ವೇಯಸರ ಹಿಂದಿನ ಶೋಧವೂ ಪುಷ್ಟಿಕೊಡುತ್ತದೆ: ಶಾಲೆಯಲ್ಲಿ ಪೀಡಕರೆಂದು ಗುರುತಿಸಲ್ಪಟ್ಟ ಹುಡುಗರಲ್ಲಿ ಶೇಕಡಾ ೬೦ ಮಂದಿ ೨೪ನೆಯ ವಯಸ್ಸಿಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಅಪರಾಧಿಗಳಾಗಿದ್ದರು. ಪೀಡಿಸಿದ ಮಗುವನ್ನು ‘ಚೂಟಿ’ ಎಂದು ಮೆಚ್ಚುವ ತಂದೆತಾಯಿಗಳು ಈ ಅಂಕೆಯನ್ನು ನೆನಪಿನಲ್ಲಿಡಬೇಕು.

ಈ ಪರಿಣಾಮಗಳು ಪ್ರತಿಯೊಬ್ಬನಿಗೂ ತಪ್ಪದ ವಿಧಿಯೆಂದು ತಿಳಿಯಬಾರದು. ಇವೆಲ್ಲವೂ ಸಂಭವದ ಲೆಕ್ಕಗಳು. ಪೀಡನೆಯನ್ನು ದಾಟಿ ಸುಖವಾಗಿ ಬಾಳುವವರು ಅನೇಕರಿದ್ದಾರೆ. ಆದರೆ ದಾಟಿದವರನ್ನು ತೋರಿಸಿ, ದಾಟಲಾರದೆ ನಿಂತವರನ್ನು ದುರ್ಬಲರೆಂದು ಜರೆಯುವುದು ಹಳೆಯ ಅನ್ಯಾಯದ ಮೇಲೆ ಹೊಸತೊಂದನ್ನು ಹೇರಿದಂತಾದೀತು.

೩

ಆರು ವರ್ಷದ ಹಿಂದಿನ ನಗೆ ಇಪ್ಪತ್ತೈದರ ಯುವಕನನ್ನು ಹೇಗೆ ಹಿಡಿದುಕೊಂಡಿರುತ್ತದೆ? ಇದಕ್ಕೆ ದೇಹದ ದಾರಿಯೊಂದು, ಮನಸ್ಸಿನ ದಾರಿಯೊಂದು ಇವೆ.

ಅಪಾಯವನ್ನು ಕಂಡೊಡನೆ ದೇಹದಲ್ಲಿ ಕಾರ್ಟಿಸಾಲ್ ಎಂಬ ಸ್ರಾವ ಏರುತ್ತದೆ. ಅಪಾಯ ಕಳೆದ ಮೇಲೆ ಇಳಿಯುತ್ತದೆ. ಅಪಾಯವು ದಿನವೂ ಅದೇ ಬೆಂಚಿನಲ್ಲಿ ಕುಳಿತಿದ್ದರೆ ಈ ವ್ಯವಸ್ಥೆಯೇ ಕೆಡುತ್ತದೆ. ಬ್ರಿಟನ್ನಿನಲ್ಲಿ ಏಕರೂಪದ ಅವಳಿ ಮಕ್ಕಳ ೩೦ ಜೋಡಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೧೧ರಲ್ಲಿ ಪ್ರಕಟವಾಯಿತು. ಪ್ರತಿ ಜೋಡಿಯಲ್ಲಿ ಒಂದು ಮಗು ಪೀಡನೆಗೆ ಒಳಗಾಗಿತ್ತು, ಇನ್ನೊಂದು ಆಗಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವರನ್ನು ಸ್ವಲ್ಪ ಒತ್ತಡಕ್ಕೆ ಗುರಿಪಡಿಸಿದಾಗ, ಒಂದು ಮಗುವಿನಲ್ಲಿ ಸ್ರಾವ ಸಹಜವಾಗಿ ಏರಿತು. ಪೀಡಿತ ಮಗುವಿನಲ್ಲಿ ಏರಲಿಲ್ಲ. ಒಂದೇ ಬೀಜ, ಒಂದೇ ಮನೆ, ಬೇರೆಯಾಗಿದ್ದುದು ಅನುಭವ. ಉತ್ತರ ಕೆರೊಲಿನಾದ ಮಕ್ಕಳ ರಕ್ತಪರೀಕ್ಷೆಯಲ್ಲಿಯೂ ಪೀಡಿತರಾಗಿದ್ದವರಿಗೆ ತಾರುಣ್ಯದಲ್ಲಿ ಮಂದವಾದ ಉರಿಯೂತದ ಗುರುತು ಹೆಚ್ಚಾಗಿ ಕಂಡಿತು.

ಮನಸ್ಸಿನ ದಾರಿ ಇದಕ್ಕಿಂತ ಸೂಕ್ಷ್ಮ. ಏಟು ತಿಂದ ಮಗು ‘ಅವನು ಕೆಟ್ಟವನು’ ಎನ್ನಬಲ್ಲುದು. ದಿನವೂ ಹತ್ತು ಜನ ನಕ್ಕಾಗ, ಒಬ್ಬರೂ ತಡೆಯದಿದ್ದಾಗ, ‘ನನ್ನಲ್ಲಿಯೇ ಏನೋ ಕೊರತೆಯಿದೆ’ ಎಂಬ ತೀರ್ಮಾನಕ್ಕೆ ಅದು ಬರುತ್ತದೆ. ಆ ಕೊರತೆಯನ್ನು ಮರೆಮಾಡುವುದೇ ಉಪಾಯವಾಗುತ್ತದೆ: ಕೈಯೆತ್ತದಿರುವುದು, ಉತ್ತರ ಗೊತ್ತಿದ್ದರೂ ಹೇಳದಿರುವುದು, ಹಿಂದಿನ ಸಾಲಿಗೆ ಸರಿಯುವುದು, ಎಲ್ಲರೂ ಹೋದ ಮೇಲೆ ಹೊರಡುವುದು. ಬಾಲ್ಯದಲ್ಲಿ ಇದು ಬುದ್ಧಿವಂತಿಕೆಯೇ ಸರಿ; ಆ ಹೊತ್ತಿಗೆ ಅದು ಮಗುವನ್ನು ಕಾಪಾಡುತ್ತದೆ. ಕಷ್ಟವಿರುವುದು ಮುಂದೆ. ಪೀಡಕರು ಚದುರಿಹೋದ ಮೇಲೂ ಈ ಅಡಗುವ ಅಭ್ಯಾಸ ಚದುರುವುದಿಲ್ಲ. ಓಲ್ವೇಯಸ್ ೧೯೯೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಸಾಕ್ಷಿಯಿದೆ. ಶಾಲೆಯಲ್ಲಿ ಪೀಡನೆ ಅನುಭವಿಸಿದ ಹುಡುಗರನ್ನು ಅವರು ೨೩ನೆಯ ವಯಸ್ಸಿನಲ್ಲಿ ಮತ್ತೆ ಕಂಡರು. ಆಗ ಅವರನ್ನು ಯಾರೂ ಹೆಚ್ಚಾಗಿ ಕಾಡುತ್ತಿರಲಿಲ್ಲ. ಮೇಲುನೋಟಕ್ಕೆ ಎಲ್ಲರಂತೆಯೇ ಇದ್ದರು. ಆದರೂ ಖಿನ್ನತೆಯ ಛಾಯೆ ಅಧಿಕವಾಗಿತ್ತು, ತಮ್ಮ ವಿಷಯದಲ್ಲಿ ತಮಗಿರುವ ಗೌರವ ಕಡಿಮೆಯಾಗಿತ್ತು.

೪

ಮುಂಬಯಿಗೆ ಬಂದರೆ, ಬಾಲ್ಯದ ಅವಮಾನವು ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಈ ನಗರದ ಇತಿಹಾಸದಲ್ಲಿಯೇ ಒಂದು ಮಹಾ ನಿದರ್ಶನವುಂಟು. ಡಾ. ಬಾಬಾಸಾಹೇಬ ಅಂಬೇಡ್ಕರರು ಎಲ್‌ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಅಧ್ಯಾಪಕರು ಒಂದು ದಿನ ಅವರನ್ನು ಕರಿಹಲಗೆಯ ಬಳಿಗೆ ಕರೆದರು. ಹಲಗೆಯ ಹಿಂದೆ ಇತರ ವಿದ್ಯಾರ್ಥಿಗಳ ಬುತ್ತಿಯ ಡಬ್ಬಿಗಳಿದ್ದುವು. ಮೈಲಿಗೆಯಾದೀತೆಂದು ಹುಡುಗರು ಗದ್ದಲವೆಬ್ಬಿಸಿ ಓಡಿಬಂದು ಡಬ್ಬಿಗಳನ್ನು ಸರಿಸಿದರು. ಧನಂಜಯ ಕೀರರ ಜೀವನಚರಿತ್ರೆಯಲ್ಲಿ ಇದು ದಾಖಲಾಗಿದೆ. ಅಲ್ಲಿ ಯಾರೂ ಕೈಯೆತ್ತಲಿಲ್ಲ. ಒಂದು ಇಡೀ ತರಗತಿ ಒಬ್ಬ ಬಾಲಕನಿಗೆ ಅವನ ಸ್ಥಾನವನ್ನು ತೋರಿಸಿಕೊಟ್ಟಿತು, ಅಷ್ಟೆ. ಇದಕ್ಕೂ ಮುಂಚೆ ಸಾತಾರೆಯ ಶಾಲೆಯಲ್ಲಿ ಬೇರೆಯಾಗಿ ಗೋಣಿಯ ಮೇಲೆ ಕುಳಿತುದು, ಜವಾನನಿಲ್ಲದ ದಿನ ನೀರಿಲ್ಲದೆ ಇದ್ದುದು, ೧೯೦೧ರ ಕೋರೆಗಾಂವ ಪ್ರಯಾಣದಲ್ಲಿ ಪಟ್ಟ ಪಾಡು ಇವನ್ನು ಅವರು ೧೯೩೦ರ ದಶಕದಲ್ಲಿ, ಜಗತ್ತು ಮನ್ನಿಸುವ ವಿದ್ವಾಂಸರಾದ ಮೇಲೆ, ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಹೊಸ ಗಾಯವನ್ನು ವರ್ಣಿಸುವಷ್ಟು ಸ್ಪಷ್ಟವಾಗಿ ಬರೆದರು. ಅಸ್ಪೃಶ್ಯತೆಯು ಮಕ್ಕಳ ಪೀಡನೆಗಿಂತ ಬಹು ದೊಡ್ಡ ಪಾಪ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಸಮಾಜದ ದೊಡ್ಡ ಪಾಪಗಳು ಶಾಲೆಯ ಅಂಗಳದಲ್ಲಿ ಮಕ್ಕಳ ಕೈಗೆ ಆಯುಧಗಳಾಗಿ ಸಿಗುತ್ತವೆಂಬುದನ್ನು ಈ ಘಟನೆ ಸಾರುತ್ತದೆ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (೧೯೯೪) ಇದೇ ಸತ್ಯಕ್ಕೆ ಸಾಕ್ಷಿ ನುಡಿಯುವ ಆತ್ಮಕಥನ.

ವಲಸೆಗಾರರ ಮಕ್ಕಳಿಗೆ ಇಂಥ ಆಯುಧವಾಗಿ ಬಂದುದು ಭಾಷೆ. ‘ಮಾರ್ಮಿಕ’ ಪತ್ರಿಕೆ ೧೯೬೦ರಲ್ಲಿ ಆರಂಭವಾಗಿ, ನಗರದ ಕಚೇರಿಗಳಲ್ಲಿದ್ದ ದಕ್ಷಿಣಭಾರತೀಯರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿತು. ೧೯೬೬ರಲ್ಲಿ ಶಿವಸೇನೆ ಸ್ಥಾಪಿತವಾಯಿತು. ಲುಂಗಿಯನ್ನು ಹಾಸ್ಯಮಾಡುವ ಘೋಷಣೆ ಬೀದಿ ಬೀದಿಗಳಲ್ಲಿ ಕೇಳಿಬಂದಿತು, ಉಡುಪಿ ಉಪಾಹಾರಗೃಹಗಳು ಕಲ್ಲೇಟಿಗೆ ಗುರಿಯಾದುವು. ಕನ್ನಡಿಗ, ತುಳುವ, ತಮಿಳ, ಮಲೆಯಾಳಿ ಎಂಬ ಭೇದವಿಲ್ಲದೆ ಎಲ್ಲರಿಗೂ ‘ಮದ್ರಾಸಿ’ ಎಂಬ ಒಂದೇ ಹೆಸರು. ಬೀದಿಯ ಘೋಷಣೆ ಶಾಲೆಯ ಅಂಗಳವನ್ನು ತಲಪಲು ಬಹಳ ಹೊತ್ತು ಬೇಕಾಗದು. ಆ ರಾಜಕಾರಣದ ಕಾವು ಇಂದು ಬಹುಮಟ್ಟಿಗೆ ಆರಿದೆ. ಮರಾಠಿ-ಕನ್ನಡ ಕುಟುಂಬಗಳ ನಡುವಣ ಸ್ನೇಹಬಾಂಧವ್ಯ ಅದಕ್ಕಿಂತ ಹಳೆಯದು, ಆಳವಾದುದು. ಆದರೂ ಅಡ್ಡಹೆಸರುಗಳು ರಾಜಕಾರಣಕ್ಕಿಂತ ಹೆಚ್ಚು ಕಾಲ ಬದುಕುತ್ತವೆ.

ಇದರಲ್ಲಿ ವ್ಯಾಕರಣದ ಪಾತ್ರವೂ ಇರುವುದು ಕುತೂಹಲಕರ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಪುಸ್ತಕ, ಕುರ್ಚಿ, ಗಾಡಿ ಎಲ್ಲವೂ ನಪುಂಸಕ. ಹಿಂದಿಯಲ್ಲಿ ಜಡವಸ್ತುವಿಗೂ ಸ್ತ್ರೀ-ಪುರುಷ ಭೇದವುಂಟು, ಮರಾಠಿಯಲ್ಲಿ ಮೂರು ಲಿಂಗಗಳೂ ಶಬ್ದಗಳ ಮೇಲೆ ಹಂಚಿಹೋಗಿವೆ. ಕನ್ನಡ ಮನೆಯ ಮಗು ‘ಮೇರೀ ಕಿತಾಬ್’ ಎನ್ನುವಲ್ಲಿ ‘ಮೇರಾ ಕಿತಾಬ್’ ಎಂದರೆ ಅದು ತನ್ನ ಭಾಷೆಯ ನಿಯಮವನ್ನು ಸರಿಯಾಗಿ ಪಾಲಿಸಿರುತ್ತದೆ. ಮಹಾಪ್ರಾಣಗಳ ವಿಷಯವೂ ಹೀಗೆಯೇ. ಆಡುಗನ್ನಡ ಅವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿದೆ. ತರಗತಿಗೆ ಇದು ತಿಳಿಯದು, ಅದು ನಗುತ್ತದೆ. ಅಧ್ಯಾಪಕರೂ ನಕ್ಕರೆ ಆ ನಗೆಗೆ ಅಧಿಕಾರದ ಮುದ್ರೆ ಬೀಳುತ್ತದೆ.

ಈ ನಗರದಲ್ಲಿ ಪೀಡನೆಯಿಂದ ತಪ್ಪಿಸಿಕೊಳ್ಳಲು ಮೂಲೆಯೂ ಇಲ್ಲ. ಶಾಲೆಯ ಹುಡುಗರೇ ಚಾಳಿನ ಹುಡುಗರು, ಕಟ್ಟಡದ ಆವರಣದಲ್ಲಿ ಆಡುವವರು, ಟ್ಯೂಷನ್ನಿಗೆ ಬರುವವರು. ಹಿಂದೆ ಮನೆಯ ಬಾಗಿಲು ಮುಚ್ಚಿದ ಮೇಲಾದರೂ ನೆಮ್ಮದಿಯಿತ್ತು. ಮೊಬೈಲು ಆ ಬಾಗಿಲನ್ನೂ ತೆರೆದಿದೆ.

ಇಲ್ಲಿ ಮುಂಬಯಿ ಕನ್ನಡಿಗರ ಹಳೆಯ ಸಾಧನೆಯೊಂದನ್ನು ಸ್ಮರಿಸುವುದು ಯುಕ್ತ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಬಯಸಿದ ಹುಡುಗರಿಗಾಗಿ ಕನ್ನಡ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದುವು. ನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ತೆರೆಯಿತು. ಇವುಗಳ ಉದ್ದೇಶ ಅಕ್ಷರದಾನ. ಆದರೆ ತಟ್ಟೆಲೋಟ ತೊಳೆದ ಕೈಗಳನ್ನು ನೋಡಿ ಯಾರೂ ನಗದ, ಎಲ್ಲರ ಉಚ್ಚಾರಣೆಯೂ ಒಂದೇ ಆಗಿದ್ದ ಒಂದು ಕೋಣೆಯೂ ಆ ಹುಡುಗರಿಗೆ ಅದರಿಂದಲೇ ದೊರೆಯಿತು. ಈಗ ಕನ್ನಡ ಶಾಲೆಗಳು ಕ್ಷೀಣಿಸಿವೆ. ಹೆಚ್ಚಿನ ಮಕ್ಕಳು ಇಂಗ್ಲಿಷ್ ಮಾಧ್ಯಮದ ಮಿಶ್ರ ತರಗತಿಗಳಲ್ಲಿದ್ದಾರೆ. ಅದರಿಂದ ಲಾಭವೂ ಉಂಟು. ಆದರೆ ಆ ಆಶ್ರಯದ ಕೋಣೆ ಇಲ್ಲವಾಗಿದೆ, ಅದರ ಸ್ಥಾನದಲ್ಲಿ ಬೇರೊಂದು ಬಂದಿಲ್ಲ.

೫

ಇಂಥ ಬಾಲ್ಯವನ್ನು ಕಳೆದ ತರುಣನನ್ನು ನಗರವು ಗುರುತಿಸುವುದು ಕಷ್ಟ. ಅವನು ಓದಿರುತ್ತಾನೆ, ನೌಕರಿಯಲ್ಲಿರುತ್ತಾನೆ. ಆದರೆ ಲೋಕಲ್ ಗಾಡಿಯಲ್ಲಿ ಹಿಂದಿನಿಂದ ನಗು ಕೇಳಿದರೆ ಅದು ತನ್ನನ್ನು ಕುರಿತದ್ದೆಂದು ಒಂದು ಕ್ಷಣ ಬೆಚ್ಚುತ್ತಾನೆ. ಸಭೆಯಲ್ಲಿ ತನಗೆ ತಿಳಿದ ವಿಷಯವನ್ನು ಇನ್ನೊಬ್ಬನು ಹೇಳುವವರೆಗೆ ಕಾಯುತ್ತಾನೆ. ಮೆಚ್ಚುಗೆಯ ಮಾತಿನ ಹಿಂದೆ ಗೇಲಿಯನ್ನು ಹುಡುಕುತ್ತಾನೆ. ಸ್ನೇಹವನ್ನಾಗಲಿ ದಾಂಪತ್ಯವನ್ನಾಗಲಿ ಪರೀಕ್ಷಿಸದೆ ನಂಬಲಾರನು. ತರುಣಿಯರಲ್ಲಿ ಇದು ಮೈಬಣ್ಣ ಮತ್ತು ದೇಹವನ್ನು ಕುರಿತ ನಾಚಿಕೆಯಾಗಿ ನೆಲೆಸುವುದುಂಟು. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಸಹೋದ್ಯೋಗಿಗಳ ಸಂಚಿಗೆ ಸಿಕ್ಕಾಗ ಅವನು ಹೊರಗಿನ ಬೇಟೆಗಾರರನ್ನಷ್ಟೇ ಅಲ್ಲದೆ ತನ್ನ ಬಾಲ್ಯದ ನೆನಪುಗಳನ್ನೂ ಎದುರಿಸಬೇಕಾಗುತ್ತದೆ. ವಯಸ್ಕನ ಭೀತಿಗೂ ಬಾಲ್ಯಕ್ಕೂ ಇರುವ ನಂಟನ್ನು ಮುಂಬಯಿಯ ಕನ್ನಡ ಸಾಹಿತ್ಯ ಹೀಗೆ ಮುಂಚೆಯೇ ಗುರುತಿಸಿದೆ.

ಭಾಷೆಯ ಕಾರಣದಿಂದ ನಗೆಗೀಡಾದವರಲ್ಲಿ ಇನ್ನೊಂದು ಪರಿಣಾಮವೂ ಸಂಭವಿಸಬಹುದು: ಅವರು ಭಾಷೆಯನ್ನೇ ಅಡಗಿಸುತ್ತಾರೆ. ನಿಲ್ದಾಣದಲ್ಲಿ ತಾಯಿ ಕನ್ನಡದಲ್ಲಿ ಕೂಗಿದರೆ ಮಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಹೆಸರಿನ ಕೊನೆಯ ಊರನ್ನು ಬಿಟ್ಟುಬಿಡುತ್ತಾನೆ. ಹೊರನಾಡಿನ ಹೊಸ ಪೀಳಿಗೆ ಕನ್ನಡದಿಂದ ದೂರವಾಗುತ್ತಿದೆಯೆಂದು ಸಂಘಗಳಲ್ಲಿ ಆಗಾಗ ವ್ಯಥೆ ವ್ಯಕ್ತವಾಗುತ್ತದೆ. ಅನಾಸಕ್ತಿ, ಅಭಿಮಾನಶೂನ್ಯತೆ ಎಂಬ ಕಾರಣಗಳನ್ನು ಕೊಡಲಾಗುತ್ತದೆ. ಕೆಲವರ ಮಟ್ಟಿಗಾದರೂ ನಿಜವಾದ ಕಾರಣ ಒಂದು ಹಳೆಯ ತರಗತಿಯ ನಗೆಯಾಗಿರಬಹುದು. ಅಂಥವರನ್ನು ‘ಕನ್ನಡ ಬಾರದವನು’ ಎಂದು ಸಂಘದ ವೇದಿಕೆಯಲ್ಲಿ ಹಾಸ್ಯಮಾಡಿದರೆ, ರಜೆಯಲ್ಲಿ ಊರಿಗೆ ಹೋದಾಗ ಬಂಧುಗಳು ‘ಬೊಂಬಾಯಿ ಕನ್ನಡ’ವೆಂದು ಅಣಕಿಸಿದರೆ, ಅದು ಅದೇ ಪೀಡನೆಯ ಮುಂದುವರಿಕೆ. ಪೀಡಿಸುವ ಗುಣ ಯಾವ ಒಂದು ಭಾಷಿಕರ ಸ್ವತ್ತೂ ಅಲ್ಲ. ೨೦೧೨ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರನ್ನು ಬಿಟ್ಟು ರೈಲು ಹತ್ತಿದುದನ್ನು ಕನ್ನಡಿಗರು ಮರೆಯುವಂತಿಲ್ಲ.

೬

ಪರಿಹಾರದ ವಿಷಯದಲ್ಲಿ ಶಾಸ್ತ್ರವು ನಿರಾಶೆಯನ್ನು ಬೋಧಿಸುವುದಿಲ್ಲ. ನಾರ್ವೆಯಲ್ಲಿ ೧೯೮೨ರ ಕೊನೆಯಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡಾಗ ಆ ದೇಶ ಮರುವರ್ಷವೇ ರಾಷ್ಟ್ರವ್ಯಾಪಿ ಚಳವಳಿಯನ್ನು ಆರಂಭಿಸಿತು. ಬೆರ್ಗೆನ್ ನಗರದ ೪೨ ಶಾಲೆಗಳಲ್ಲಿ ಓಲ್ವೇಯಸರ ಕ್ರಮದಿಂದ ಪೀಡನೆ ಅರ್ಧದಷ್ಟು ಇಳಿಯಿತು. ಫಿನ್‌ಲ್ಯಾಂಡಿನ ಕ್ರಿಸ್ಟೀನಾ ಸಾಲ್ಮಿವಾಲ್ಲಿ ೧೯೯೬ರಲ್ಲಿ ಪೀಡನೆಯನ್ನು ಇಬ್ಬರ ನಡುವಣ ಸಂಗತಿಯೆಂದು ಕಾಣದೆ ಇಡೀ ತರಗತಿಯ ನಡವಳಿಕೆಯೆಂದು ವಿವರಿಸಿದರು. ಪೀಡಕನ ಜತೆಗೆ ಕೈಗೂಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ನೋಡುವವರು, ರಕ್ಷಿಸಲು ನಿಲ್ಲುವವರು ಇದ್ದಾರೆ. ನೋಡುವವರು ರಕ್ಷಿಸುವವರಾದರೆ ಆಟ ನಿಲ್ಲುತ್ತದೆ. ಬ್ರಿಟನ್ನಿನ ಅವಳಿ ಮಕ್ಕಳ ಅಧ್ಯಯನದಲ್ಲಿ ತಾಯಿಯ ವಾತ್ಸಲ್ಯ, ಒಡಹುಟ್ಟಿದವರ ಪ್ರೀತಿ, ಮನೆಯ ಶಾಂತ ವಾತಾವರಣ ಇವು ಪೀಡಿತ ಮಗುವನ್ನು ಬಹುಮಟ್ಟಿಗೆ ಕಾಪಾಡಿದುವೆಂದು ೨೦೧೦ರಲ್ಲಿ ತಿಳಿದುಬಂದಿತು. ಒಬ್ಬನೇ ಒಬ್ಬ ಆಪ್ತ ಗೆಳೆಯನಿದ್ದರೂ ಹಾನಿ ತಗ್ಗುವುದೆಂದು ಬೇರೊಂದು ಅಧ್ಯಯನ ತೋರಿಸಿದೆ.

ಆದುದರಿಂದ ಮನೆಯಲ್ಲಿ ಮೊದಲ ಮಾತು ಮುಖ್ಯ. ‘ನೀನು ಏನು ಮಾಡಿದ್ದೆ?’ ಎಂದು ಕೇಳಿದರೆ ಮಗು ಎರಡನೆಯ ಸಲ ಹೇಳುವುದಿಲ್ಲ. ಕೇಳಿ, ನಂಬಿ, ಶಾಲೆಯವರೊಡನೆ ಶಾಂತವಾಗಿ ಪ್ರಸ್ತಾಪಿಸುವುದು ತಂದೆತಾಯಿಗಳ ಕರ್ತವ್ಯ. ಕಾನೂನಿನ ಬೆಂಬಲವೂ ಇದೆ. ಮಹಾರಾಷ್ಟ್ರವು ೧೯೯೯ರಲ್ಲಿಯೇ ರ‍್ಯಾಗಿಂಗ್ ನಿಷೇಧದ ಕಾಯಿದೆಯನ್ನು ಮಾಡಿತು, ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ೨೦೦೯ರಲ್ಲಿ ಬಂದುವು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ ೨೦೧೫ರಲ್ಲಿ ತನ್ನ ಶಾಲೆಗಳಿಗೆ ಪೀಡನೆಯನ್ನು ತಡೆಯುವ ಮಾರ್ಗಸೂಚಿಯನ್ನು ಕಳುಹಿಸಿತು. ಕಾನೂನು ಕಾಲೇಜಿನ ಬಾಗಿಲಲ್ಲಿ ಬಿಗಿಯಾಗಿದೆ, ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಇನ್ನೂ ಸಡಿಲ, ಬೇರಿರುವುದು ಅಂಗಳದಲ್ಲಿ.

ಈಗಾಗಲೇ ತಾರುಣ್ಯಕ್ಕೆ ಬಂದವರಿಗೂ ಕಾಲ ಮೀರಿಲ್ಲ. ಅಡಗುವುದು ಕಲಿತ ಅಭ್ಯಾಸವಾದುದರಿಂದ ಅದನ್ನು ಬಿಡಲು ಕಲಿಯಬಹುದು. ಯೋಚನೆಯ ದಾರಿಯನ್ನೂ ನಡವಳಿಕೆಯನ್ನೂ ಹಂತಹಂತವಾಗಿ ತಿದ್ದುವ ಚಿಕಿತ್ಸಾಕ್ರಮಗಳು ಉದ್ವೇಗ-ಖಿನ್ನತೆಗಳಲ್ಲಿ ಫಲಕಾರಿಯಾಗಿವೆ. ಭಾರತದ ಮೊದಲ ಶಿಶು ಮಾರ್ಗದರ್ಶನ ಚಿಕಿತ್ಸಾಲಯ ೧೯೩೭ರಲ್ಲಿ ಸ್ಥಾಪಿತವಾದುದು ಮುಂಬಯಿಯಲ್ಲಿ, ಇಂದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆನಿಸಿರುವ ವಿದ್ಯಾಲಯದ ಆಶ್ರಯದಲ್ಲಿ. ಮಕ್ಕಳ ಸಹಾಯವಾಣಿ ೧೦೯೮ ಕೂಡ ಅದೇ ಸಂಸ್ಥೆಯಿಂದ ೧೯೯೬ರಲ್ಲಿ ಹೊರಟಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನೋವು ಯಾವ ಭಾಷೆಯ ಕಾರಣದಿಂದ ಉಂಟಾಯಿತೋ ಆ ಭಾಷೆಯಲ್ಲಿಯೇ ಅದನ್ನು ಹೇಳಿಕೊಳ್ಳಲು ಸಾಧ್ಯವಾಗುವುದು ಹೊರನಾಡಿನ ಕನ್ನಡಿಗನಿಗೆ ಚಿಕ್ಕ ವಿಷಯವಲ್ಲ.

ಕನ್ನಡ ಸಂಘಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ರಾತ್ರಿಶಾಲೆಯ ಕೋಣೆಯಲ್ಲಿ ಅಂದು ದೊರೆತದ್ದು ಇಂದಿನ ಮಕ್ಕಳಿಗೂ ಬೇಕು: ತಪ್ಪು ಉಚ್ಚಾರಣೆಗೆ ಯಾರೂ ನಗದ ಒಂದು ವಾರದ ತರಗತಿ, ಹಿರಿಯ ವಿದ್ಯಾರ್ಥಿ ಕಿರಿಯನ ಜತೆಗೂಡುವ ಒಂದು ಏರ್ಪಾಡು, ವರ್ಷಕ್ಕೆ ಒಂದೆರಡು ಸಲ ತಂದೆತಾಯಿಗಳೊಡನೆ ಮನೋವೈದ್ಯರ ಮಾತುಕತೆ. ಸಂಘದ ಕಟ್ಟಡಗಳು ಭಾನುವಾರ ಬೆಳಿಗ್ಗೆ ಬಹುಮಟ್ಟಿಗೆ ಖಾಲಿಯಾಗಿಯೇ ಇರುತ್ತವೆ. ಈ ಕೆಲಸಕ್ಕೆ ಅಷ್ಟು ಸ್ಥಳ ಸಾಕು.